ಸಾರ್ವಜನಿಕ ಸಂಪರ್ಕ: ವಿದ್ಯಾರ್ಥಿಗೂ ಉದ್ದಿಮೆದಾರರಿಗೂ ಒಂದೇ ಪಾಠ

ಸಾರ್ವಜನಿಕ ಸಂಪರ್ಕ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್‌ಗೆ ಸೇರುವ ವಿದ್ಯಾರ್ಥಿಗೆ ಸಾಮಾನ್ಯವಾಗಿ ಮೊದಲು ವಹಿಸುವ ಕೆಲಸ ಪತ್ರಿಕಾ ತುಣುಕುಗಳ ಸಂಗ್ರಹ. ತರುವಾಯ ಪತ್ರಿಕಾ ಪ್ರಕಟಣೆಯ ಕರಡು. ಜಾಹೀರಾತಿನ ಸ್ಥಳವನ್ನು ಹಣ ತೆತ್ತು ಪಡೆಯಬಹುದು, ಜನರ ವಿಶ್ವಾಸವನ್ನು ಹಾಗೆ ಪಡೆಯಲಾಗದು ಎಂಬುದು ಇದರಿಂದ ಮನವರಿಕೆಯಾಗುವ ಮೊದಲ ಪಾಠ. ಸಾರ್ವಜನಿಕರಿಗೆ ಶೀಘ್ರವಾಗಿ, ನಿಖರವಾಗಿ ಮಾಹಿತಿ ನೀಡಬೇಕೆಂಬ ತತ್ತ್ವವನ್ನು ಅಮೆರಿಕದ ಐವಿ ಲೀ 1906ರಲ್ಲಿಯೇ ಸಾರಿದ್ದರು.

ಈ ತತ್ತ್ವದ ಮಹತ್ವಕ್ಕೆ ಚಳ್ಳಕೆರೆ ತಾಲ್ಲೂಕಿನ ಕುದಾಪುರವೇ ನಿದರ್ಶನ. ಇಲ್ಲಿಯ ಅಮೃತಮಹಲ್ ಕಾವಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 1,500 ಎಕರೆ ದೊರೆಯಿತು. ಈ ಭಾಗದಲ್ಲಿ ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೂ ಭೂಮಿ ಮಂಜೂರಾಯಿತು. ಕುರಿ ಸಾಕಣೆ, ಕಂಬಳಿ ನೇಯ್ಗೆಗೆ ಕಾವಲನ್ನೇ ನಂಬಿದ್ದ ಗ್ರಾಮಸ್ಥರು ತಮ್ಮ ಅಭಿಪ್ರಾಯ ಕೇಳಲಿಲ್ಲವೆಂದು ಆಕ್ಷೇಪಿಸಿದರು. 2013ರಲ್ಲಿ ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ವಿಚಾರಣೆಯಲ್ಲಿತ್ತು.

ಎಣ್ಣೆ ಗಿರಣಿಯನ್ನು ವಿಸ್ತರಿಸುವ ಸಣ್ಣ ಉದ್ದಿಮೆದಾರರಿಗೂ ಇದು ಅನ್ವಯ. ನೀರು ಎಷ್ಟು ಬೇಕು, ಹೊಗೆ ಹಾಗೂ ತ್ಯಾಜ್ಯಕ್ಕೆ ವ್ಯವಸ್ಥೆ ಏನು, ಸ್ಥಳೀಯರಿಗೆ ಎಷ್ಟು ಉದ್ಯೋಗ ಎಂಬ ಮೂರು ಪ್ರಶ್ನೆಗಳಿಗೆ ಕಾಮಗಾರಿಗೆ ಮೊದಲೇ ಲಿಖಿತ ಉತ್ತರ ಸಿದ್ಧವಿರಬೇಕು. ತರಬೇತಿಗೆ ಬಂದ ವಿದ್ಯಾರ್ಥಿಯನ್ನು ಕೇವಲ ಪ್ರಕಟಣೆ ಹಂಚಲು ಬಳಸದೆ, ನೆರೆಯವರ ಆಕ್ಷೇಪಣೆಗಳನ್ನು ಬರೆದುಕೊಂಡು ಬರಲು ಕಳುಹಿಸುವುದು ಉಚಿತ. ಆ ಟಿಪ್ಪಣಿಯನ್ನು ಮಾಲೀಕರು ಓದಿ ಉತ್ತರಿಸಿದಲ್ಲಿ ತರಬೇತಿ ಇಬ್ಬರಿಗೂ ಸಾರ್ಥಕ.