ಸ್ಟೇನ್ ಏನನ್ನೂ ಮುಚ್ಚುವುದಿಲ್ಲ

ಮಣಿಪಾಲದಂಥ ವಿದ್ಯಾರ್ಥಿಗಳ ಊರಿನಲ್ಲಿ ಹಳೆಯ ಎಲೆಕ್ಟ್ರಿಕ್ ಗಿಟಾರ್‌ಗಳಿಗೆ ಬರವಿಲ್ಲ. ನಾಲ್ಕೈದು ವರ್ಷ ಓದಿ ಊರು ಬಿಡುವವರು ಮಾರಿ ಹೋಗುತ್ತಾರೆ, ಇಲ್ಲವೇ ಸುಮ್ಮನೆ ಕೊಟ್ಟು ಹೋಗುತ್ತಾರೆ. ಅವು ಕೈಯಿಂದ ಕೈಗೆ ದಾಟಿ ಉಡುಪಿ, ಕಾಪು, ಕಾರ್ಕಳದ ಮನೆಗಳನ್ನು ಸೇರುತ್ತವೆ. ಮೊಣಕೈ ಊರುವಲ್ಲಿ ಬಣ್ಣ ಸವೆದಿರುತ್ತದೆ, ಅಂಚುಗಳಲ್ಲಿ ಚಕ್ಕೆ ಎದ್ದಿರುತ್ತದೆ, ಬ್ರಿಡ್ಜಿನ ಸ್ಕ್ರೂಗಳನ್ನು ಉಪ್ಪುಗಾಳಿ ತಿಂದಿರುತ್ತದೆ. ಇಂಥದೊಂದನ್ನು ಕೈಗೆತ್ತಿಕೊಂಡವರಿಗೆ ಮೊದಲು ಹುಟ್ಟುವ ಆಸೆ ಒಂದೇ: ಈ ಕಪ್ಪು ಬಣ್ಣವನ್ನೆಲ್ಲ ಕೆರೆದು ತೆಗೆದು, ಸ್ಟೇನ್ ಹಚ್ಚಿ, ವೀಣೆಯ ಹಾಗೆ ಮರದ ಎಳೆ ಕಾಣುವಂತೆ ಮಾಡಬೇಕು. ಆಸೆ ಒಳ್ಳೆಯದೇ. ಆದರೆ ಈ ಕೆಲಸದಿಂದ ನನಗೆ ಮನವರಿಕೆಯಾದದ್ದೆಂದರೆ, ಸ್ಟೇನ್ ಅನ್ನು ಇನ್ನೊಂದು ಬಗೆಯ ಬಣ್ಣವೆಂದು ತಿಳಿದು ಹೊರಟರೆ ಕೆಲಸ ಕೆಟ್ಟಿತು. ಬಣ್ಣ ಮರದ ಮೇಲೆ ಕೂರುತ್ತದೆ, ಸ್ಟೇನ್ ಮರದೊಳಕ್ಕೆ ಇಳಿಯುತ್ತದೆ. ಬಣ್ಣ ತಪ್ಪುಗಳನ್ನು ಮುಚ್ಚಿದರೆ ಸ್ಟೇನ್ ಅವನ್ನೇ ಎತ್ತಿ ತೋರಿಸುತ್ತದೆ. ಹಾಗಾಗಿ ಗಿಟಾರ್ ಚೆನ್ನಾಗಿ ಬರುತ್ತದೋ ಇಲ್ಲವೋ ಎಂಬುದು ಸ್ಟೇನಿನ ಡಬ್ಬಿ ತೆರೆಯುವ ಮೊದಲೇ ನಿರ್ಧಾರವಾಗಿರುತ್ತದೆ. ಕರಾವಳಿಯಲ್ಲಿ ಆ ನಿರ್ಧಾರದ ಅರ್ಧಪಾಲು ಗಾಳಿಯ ಕೈಯಲ್ಲಿದೆ.

ಮೊದಲ ಪ್ರಶ್ನೆ ಬಣ್ಣದ ಕೆಳಗೆ ಏನಿದೆ ಎಂಬುದು. ಗಿಟಾರ್ ಕಾರ್ಖಾನೆಗಳು ಮರ ಆರಿಸುವಾಗಲೇ ಮೇಲೆ ಯಾವ ಬಣ್ಣ ಬರುತ್ತದೆಂದು ಲೆಕ್ಕ ಹಾಕುತ್ತವೆ. 1954ರಲ್ಲಿ ಸ್ಟ್ರ್ಯಾಟೊಕ್ಯಾಸ್ಟರ್ ಹೊರತಂದ ಫೆಂಡರ್ ಕಂಪನಿ ಮೊದಲು ಎಳೆ ಎದ್ದು ಕಾಣುವ ಆಶ್ ಮರವನ್ನು ಬಳಸುತ್ತಿತ್ತು. 1956ರ ಹೊತ್ತಿಗೆ ಹೆಚ್ಚಿನ ಗಿಟಾರ್‌ಗಳಿಗೆ ಆಲ್ಡರ್ ಮರ ಬಂತು. ಎಳೆ ಕಾಣಲೇಬೇಕಾದ ತೆಳು ಕೆನೆಬಣ್ಣದವಕ್ಕೆ ಮಾತ್ರ ಆಶ್ ಉಳಿಯಿತು. ಅಂಥ ಕಂಪನಿಯ ಲೆಕ್ಕವೇ ಹೀಗಿದ್ದರೆ, ಅಗ್ಗದ ಗಿಟಾರಿನ ದಟ್ಟ ಕಪ್ಪಿನ ಕೆಳಗೆ ಏನಿರಬಹುದೆಂದು ಊಹಿಸುವುದು ಕಷ್ಟವಲ್ಲ: ಎಳೆಯೇ ಕಾಣದ ಬಾಸ್‌ವುಡ್, ನಾಲ್ಕೈದು ಬೇರೆ ಬೇರೆ ಛಾಯೆಯ ತುಂಡುಗಳನ್ನು ಅಂಟಿಸಿದ ಹಲಗೆ, ಕೆಲವೊಮ್ಮೆ ಬರೀ ಪ್ಲೈವುಡ್. ಅದನ್ನು ತಿಳಿಯಲು ಕೆರೆಯಬೇಕಾಗಿಲ್ಲ. ಕುತ್ತಿಗೆ ಬಿಚ್ಚಿ ಅದು ಕೂರುವ ಗುಳಿಯನ್ನೂ ತಂತಿಗಳ ಕೆಳಗೆ ಕೂರುವ ಪಿಕಪ್ ಎತ್ತಿ ಅದರ ಕೆಳಗಿನ ಗೋಡೆಯನ್ನೂ ಟಾರ್ಚ್ ಹಿಡಿದು ನೋಡಿದರೆ ಸಾಕು. ಅಲ್ಲಿ ಬಣ್ಣ ತೆಳುವಾಗಿರುತ್ತದೆ. ಪದರದ ಮೇಲೆ ಪದರ ಕಂಡರೆ ಅದು ಪ್ಲೈವುಡ್, ಆಸೆಯನ್ನು ಅಲ್ಲಿಗೇ ಬಿಡುವುದು ಮೇಲು. ಅದಕ್ಕೆ ಮತ್ತೆ ಒಳ್ಳೆಯ ಬಣ್ಣ ಹೊಡೆಯುವುದರಲ್ಲಿ ನಾಚಿಕೆಯೇನಿಲ್ಲ.

ಮರ ಚೆನ್ನಾಗಿದ್ದರೆ ನಿಜವಾದ ಶ್ರಮ ಶುರುವಾಗುತ್ತದೆ. ಹಳೆಯ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಆಗಿದ್ದರೆ ತಿನ್ನರಿಗೆ ಕರಗುತ್ತದೆ. ಆದರೆ ಅಗ್ಗದ ಗಿಟಾರ್‌ಗಳ ಮೇಲಿರುವುದು ಹೆಚ್ಚಾಗಿ ಪಾಲಿಯೆಸ್ಟರ್ ಅಥವಾ ಪಾಲಿಯುರೆಥೇನ್, ತಿನ್ನರಿಗೆ ಬಗ್ಗದ ದಪ್ಪ ಪ್ಲಾಸ್ಟಿಕ್ ಚಿಪ್ಪು. ಅದಕ್ಕೆ ಬಿಸಿಗಾಳಿಯ ಹೀಟ್ ಗನ್ನೇ ಸರಿ. ಒಂದು ಅಂಗೈಯಗಲ ಜಾಗಕ್ಕೆ ಶಾಖ ಕೊಡುತ್ತಾ ಹೋದರೆ ಮೊದಲು ಹೊಳಪು ಮಾಸುತ್ತದೆ, ಆಮೇಲೆ ಸಣ್ಣ ಗುಳ್ಳೆ ಏಳುತ್ತದೆ. ಆಗ ಪುಟ್ಟಿ ಬ್ಲೇಡನ್ನು ಚಪ್ಪಟೆಯಾಗಿ ಒಳಗೆ ತೂರಿಸಿದರೆ, ಕಾವಲಿಯಿಂದ ದೋಸೆ ಏಳುವ ಹಾಗೆ ಬಣ್ಣ ಹಾಳೆಯಾಗಿ ಏಳುತ್ತದೆ. ಹದ ತಪ್ಪಿದರೂ ದೋಸೆಯ ಕಥೆಯೇ: ಬೇಗ ಕೈ ಹಾಕಿದರೆ ಚೂರುಚೂರಾಗುತ್ತದೆ, ತಡ ಮಾಡಿದರೆ ಕೆಳಗಿನ ಮರ ಕರಟುತ್ತದೆ. ಆ ಕರಟನ್ನು ಯಾವ ಸ್ಟೇನೂ ಮುಚ್ಚುವುದಿಲ್ಲ. ಆಮೇಲೆ ಬರುವುದು ಎಲ್ಲರನ್ನೂ ಮೋಸಗೊಳಿಸುವ ಘಟ್ಟ. ಬಣ್ಣ ಹೋಗಿ ಮರ ಕಂಡಿತೆಂದು ಕಣ್ಣು ಹೇಳುತ್ತದೆ, ಆದರೆ ಮರದ ರಂಧ್ರಗಳಲ್ಲಿ ಕಾರ್ಖಾನೆಯ ಸೀಲರ್ ಕೂತಿರುತ್ತದೆ. ಅದು ಪಾರದರ್ಶಕ, ಮರದ ಬಣ್ಣದ್ದೇ. ಬೆರಳು ಅದ್ದಿ ಒಂದೊಂದು ಹನಿ ನೀರನ್ನು ಅಲ್ಲಲ್ಲಿ ಬಿಟ್ಟು ನೋಡಬೇಕು. ಬರಿಮರದ ಮೇಲೆ ಬಿದ್ದ ಹನಿ ಹರಡಿ ಕಪ್ಪಾಗಿ ಇಂಗುತ್ತದೆ. ಸೀಲರ್ ಇದ್ದಲ್ಲಿ ಕೆಸುವಿನ ಎಲೆಯ ಮೇಲೆ ನಿಂತಂತೆ ಮಣಿಯಾಗಿ ನಿಲ್ಲುತ್ತದೆ. ಮಣಿ ನಿಂತಲ್ಲೆಲ್ಲ ನಾಳೆ ಸ್ಟೇನ್ ಹಿಡಿಯದೆ ತೊನ್ನಿನಂಥ ಬಿಳಿ ಮಚ್ಚೆ ಬೀಳುತ್ತದೆ.

ಸ್ಯಾಂಡ್‌ಪೇಪರ್ ಹಿಡಿದಾಗ ತಾಳ್ಮೆ ಪರೀಕ್ಷೆಗೆ ಬೀಳುತ್ತದೆ. 80ನೇ ನಂಬರಿನ ಒರಟು ಹಾಳೆಯಿಂದ ಆರಂಭಿಸಿ 120, 180, 220 ಎಂದು ಏರಬೇಕು, ಒಂದು ಮೆಟ್ಟಿಲನ್ನೂ ಹಾರುವಂತಿಲ್ಲ. 80 ಬಿಟ್ಟ ಗೀರನ್ನು 120 ಅಳಿಸದಿದ್ದರೆ 220 ಅದನ್ನು ನಯಗೊಳಿಸುತ್ತದೆ ಅಷ್ಟೆ, ಸ್ಟೇನ್ ಬಿದ್ದ ಕೂಡಲೇ ಆ ಗೀರು ಕಪ್ಪುಗೆರೆಯಾಗಿ ಏಳುತ್ತದೆ. ಉಜ್ಜುವುದು ಎಳೆಯ ಉದ್ದಕ್ಕೇ ಆಗಬೇಕು, ಅಡ್ಡಕ್ಕಲ್ಲ. ಇನ್ನಷ್ಟು ನುಣುಪು ಬರಲೆಂದು 400, 600ರವರೆಗೆ ಹೋಗುವುದೂ ತಪ್ಪೇ, ಮರದ ಬಾಯಿ ಮುಚ್ಚಿ ಸ್ಟೇನ್ ಒಳಗಿಳಿಯುವುದಿಲ್ಲ. ಗಿಟಾರಿನ ಕೊಂಬುಗಳ ತುದಿ ಮತ್ತು ಹಿಂಬದಿಯ ದುಂಡಂಚಿನಲ್ಲಿ ಎಳೆಯ ಕತ್ತರಿಸಿದ ಬಾಯಿ ಹೊರಗೆ ತೆರೆದಿರುತ್ತದೆ. ಆ ಜಾಗ ಉಳಿದೆಡೆಗಿಂತ ಹೆಚ್ಚು ಸ್ಟೇನ್ ಕುಡಿದು ಕಪ್ಪಾಗುತ್ತದೆ. ಅಲ್ಲಿ ಮಾತ್ರ ಒಂದು ಮೆಟ್ಟಿಲು ಹೆಚ್ಚು ನುಣುಪು ಮಾಡಿ, ಸ್ಟೇನನ್ನು ಬಟ್ಟೆಯಲ್ಲಿ ಒಣಗಲಾಗಿ ಒರೆಸಬೇಕು. ಕೊನೆಗೆ ಇಡೀ ಮೈಯನ್ನು ಸ್ಪಿರಿಟ್‌ನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿದರೆ, ಸ್ಪಿರಿಟ್ ಆರುವ ಆ ಅರ್ಧ ನಿಮಿಷದಲ್ಲಿ ನಾಳೆಯ ರೂಪ ಇಂದೇ ಕಾಣುತ್ತದೆ: ಅಂಟಿನ ಕಲೆ, ಉಳಿದ ಸೀಲರ್, ಅಡ್ಡಗೀರು ಎಲ್ಲವೂ. ಕುತ್ತಿಗೆ ಕೂರುವ ಗುಳಿಯನ್ನಂತೂ ಉಜ್ಜಲೇಬಾರದು. ಅಲ್ಲಿ ಕೂದಲೆಳೆಯಷ್ಟು ಸಡಿಲವಾದರೂ ಕುತ್ತಿಗೆ ವಾಲಿ ತಂತಿಯ ಸಾಲು ತಪ್ಪುತ್ತದೆ.

ಇದರ ನಡುವೆ ಮೈಮೇಲಿನ ಎಚ್ಚರವೂ ಬೇಕು. ಡೈಕ್ಲೋರೋಮೀಥೇನ್ ಇರುವ ಪೇಂಟ್ ರಿಮೂವರ್‌ನ ಆವಿ ಮುಚ್ಚಿದ ಕೋಣೆಯಲ್ಲಿ ಜೀವ ತೆಗೆಯಬಲ್ಲದು. ಅಮೆರಿಕ 2019ರಲ್ಲಿ ಮನೆಬಳಕೆಗೆ ಅದರ ಮಾರಾಟವನ್ನೇ ನಿಷೇಧಿಸಿತು. ನಮ್ಮಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸಕ್ಕೆ ಕಡ್ಡಾಯ ಮಿತಿ ಬಂದದ್ದು 2016ರ ನಿಯಮದಿಂದ. ಅದಕ್ಕೂ ಹಿಂದೆ ಯಾರೋ ಮನೆಯಲ್ಲುಳಿದ ಎನಾಮೆಲ್ ಬಳಿದ ಗಿಟಾರ್ ಆದರೆ ಅದರ ಪುಡಿಯಲ್ಲಿ ಸೀಸವಿರಬಹುದು. ಒಳ್ಳೆಯ ಮಾಸ್ಕ್ ಧರಿಸಿ, ಚಾವಡಿಯಲ್ಲಲ್ಲ, ಮಕ್ಕಳು ಬಾರದ ಬಯಲಲ್ಲಿ ಕೂತು ಮಾಡುವ ಕೆಲಸವಿದು.

ಇಷ್ಟೆಲ್ಲ ಯಾಕೆ, ಮರ ಕಾಣಿಸುವುದರಲ್ಲಿ ಅಂಥದ್ದೇನಿದೆ ಎಂದು ಕೇಳುವವರಿದ್ದಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಕುಂಜೂರಿನ ಚೌಕಿಮನೆಯ ಕಂಬಗಳ ಮುಂದೆ ನಿಂತರೆ ಅದಕ್ಕೆ ಉತ್ತರ ಸಿಗುತ್ತದೆ. ಕಾಪು ಕಡೆಯ ಆ ಮನೆ, ಕಾರ್ಕಳದ ಪಕ್ಕದ ಮಿಯಾರಿನ ಮನೆ, ಇವೆಲ್ಲ ಮೂಲ ಜಾಗದಿಂದ ಕಳಚಿ ತಂದು ಮತ್ತೆ ನಿಲ್ಲಿಸಿದವು. ಮರವನ್ನು ಮರವಾಗಿ ನೋಡುವ ಸುಖ ಈ ನೆಲಕ್ಕೆ ಹೊಸದಲ್ಲ. ಆದರೆ ಇದೇ ಉಡುಪಿ ಜಿಲ್ಲೆ ಇದಕ್ಕೆ ಎದುರಾದ ಪಾಠವನ್ನೂ ಹೇಳುತ್ತದೆ, ನನ್ನ ವಾದಕ್ಕೆ ಅದೂ ಬೇಕು. ಮೆಕ್ಕೆಕಟ್ಟಿನ ಮರದ ಭೂತಮೂರ್ತಿಗಳ ಮೈಮೇಲಿನ ಕೆಂಪು ಅಲಂಕಾರಕ್ಕೆ ಬಳಿದದ್ದಲ್ಲ, ಆ ಮೂರ್ತಿಯ ಜೀವವೇ ಅದು. ಯಕ್ಷಗಾನದ ಕಿರೀಟ, ಭುಜಕೀರ್ತಿಗಳ ಹಗುರ ಮರ ಬೇಗಡೆಯ ಕೆಳಗೆ ಇರಬೇಕಾದದ್ದೇ ಹೊರತು ಕಾಣಬೇಕಾದದ್ದಲ್ಲ. ಎಲ್ಲ ಬಣ್ಣವೂ ಮರದ ಮೇಲೆ ಹೇರಿದ ಸುಳ್ಳು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಣ್ಣಕ್ಕೆಂದೇ ಮಾಡಿದ ಮರವಿದೆ, ಮರಕ್ಕೆ ಬೇಡದೆಯೂ ಬಿದ್ದ ಬಣ್ಣವಿದೆ. ಕೆರೆಯುವ ಮೊದಲು ಇದು ಎರಡರಲ್ಲಿ ಯಾವುದೆಂದು ತಿಳಿಯಬೇಕು.

ದಪ್ಪ ಬಣ್ಣ ತೆಗೆದರೆ ಗಿಟಾರ್ ಉಸಿರಾಡುತ್ತದೆ, ನಾದ ತೆರೆಯುತ್ತದೆ ಎಂಬ ಮಾತು ವಾದಕರ ನಡುವೆ ಬಲವಾಗಿದೆ. ಮದ್ದಳೆಯ ಹಲಸಿನ ಗೂಡಿಗೆ, ವೀಣೆಯ ಕೊಡಕ್ಕೆ ಆ ಮಾತು ಸಲ್ಲಬಹುದು, ಅಲ್ಲಿ ಮರ ಮತ್ತು ಒಳಗಿನ ಗಾಳಿ ಎರಡೂ ನುಡಿಯುತ್ತವೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಯುವುದು ಉಕ್ಕಿನ ತಂತಿ, ಕೇಳಿಸಿಕೊಳ್ಳುವುದು ಅದರ ಕೆಳಗಿನ ಅಯಸ್ಕಾಂತ ಮತ್ತು ತಾಮ್ರದ ಸುರುಳಿ. 1932ರಲ್ಲಿ ಮಾರುಕಟ್ಟೆಗೆ ಬಂದ ಮೊದಮೊದಲ ಎಲೆಕ್ಟ್ರಿಕ್ ಗಿಟಾರ್, ಜನ ‘ಫ್ರೈಯಿಂಗ್ ಪ್ಯಾನ್’ ಎಂದು ಕರೆದದ್ದು, ಪೂರಾ ಅಲ್ಯೂಮಿನಿಯಮ್ಮಿನಲ್ಲಿ ಎರಕ ಹೊಯ್ದದ್ದಾಗಿತ್ತು. ಮರವೇ ಇಲ್ಲದೆಯೂ ನುಡಿದ ವಾದ್ಯದಲ್ಲಿ ಮಿಲಿಮೀಟರಿನಷ್ಟು ದಪ್ಪದ ಬಣ್ಣ ನಾದವನ್ನು ಹಿಡಿದಿಟ್ಟಿದೆ ಎಂದು ನಂಬುವುದು ನನಗೆ ಕಷ್ಟ. ಕಣ್ಣಿಗಾಗಿ, ಕೈಗೆ ಸಿಗುವ ಮರದ ಸ್ಪರ್ಶಕ್ಕಾಗಿ ಈ ಕೆಲಸ ಮಾಡಿದರೆ ಅದೇ ಸಾಕಷ್ಟು ದೊಡ್ಡ ಕಾರಣ.

ಹಳೆಯ ವಾದ್ಯದ ಬೆಲೆ ಹಾಳಾಗುತ್ತದಲ್ಲ ಎಂಬುದು ಮಾತ್ರ ಪೂರ್ತಿ ಒಪ್ಪಬೇಕಾದ ಆಕ್ಷೇಪ. ಐವತ್ತು-ಅರವತ್ತರ ದಶಕದ ಅಮೆರಿಕನ್ ಗಿಟಾರ್ ಯಾರ ಮನೆಯಲ್ಲಾದರೂ ಸಿಕ್ಕಿದರೆ ಅದರ ಸವೆದ ಬಣ್ಣವೇ ಅದರ ದಾಖಲೆ, ಮುಟ್ಟಬಾರದು. ಇನ್ನೊಂದು ಸಲಹೆ ಊರಿನದ್ದೇ: ದುಬಾರಿ ಸ್ಟೇನ್ ಯಾಕೆ, ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಬಾರದೇ? ಗೇರುಬೀಜದ ಕಾರ್ಖಾನೆಗಳಿರುವ ಕಾರ್ಕಳದಲ್ಲಿ ಈ ಪ್ರಶ್ನೆ ಸಹಜ. ದೋಣಿಗೂ ಮಾಡಿನ ಪಕ್ಕಾಸಿಗೂ ಹಚ್ಚಿ, ಗೆದ್ದಲು ಮತ್ತು ನೀರಿನಿಂದ ತಲೆಮಾರುಗಳ ಕಾಲ ಮರ ಕಾಪಾಡಿದ ಎಣ್ಣೆ ಅದು, ಬಣ್ಣವೂ ಕಡುಗಂದು. ಆದರೆ ಹಸಿ ಎಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟು ಬೊಕ್ಕೆ ಏಳುತ್ತದೆ, ಒಣಗುವುದೂ ಬಲು ನಿಧಾನ. ಪಕ್ಕಾಸನ್ನು ಯಾರೂ ಅಪ್ಪಿಕೊಂಡು ಕೂರುವುದಿಲ್ಲ. ಗಿಟಾರಿನ ಮೇಲೆ ಗಂಟೆಗಟ್ಟಲೆ ಬರಿ ತೋಳು ಒರಗಿರುತ್ತದೆ.

ಇನ್ನು ಗಾಳಿಯ ಮಾತು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ, ಒಣನಾಡಿನವರು ಬರೆದ ‘ಎರಡು ಗಂಟೆಯಲ್ಲಿ ಒಣಗುತ್ತದೆ’ ಎಂಬ ಡಬ್ಬಿಯ ಮಾತನ್ನು ನಂಬುವಂತಿಲ್ಲ. ಆಟಿ ತಿಂಗಳ ಮಳೆಯಲ್ಲಿ ಬರಿಮೈಯಾಗಿಟ್ಟ ಮರ ತೇವ ಕುಡಿದು ಎಳೆಯ ಅಡ್ಡಕ್ಕೆ ಉಬ್ಬುತ್ತದೆ, ಬೂಷ್ಟು ಹಿಡಿಯುತ್ತದೆ. ಆ ತೇವವನ್ನು ಒಳಗಿಟ್ಟೇ ಮೇಲೆ ಲ್ಯಾಕರ್ ಹೊಡೆದರೆ, ಬೇಸಿಗೆಯಲ್ಲಿ ಮರ ಕುಗ್ಗಿ ಪದರ ಬಿರಿಯುತ್ತದೆ. ಅರಗಿನ ಫ್ರೆಂಚ್ ಪಾಲಿಶಿಗೂ ನೈಟ್ರೋ ಲ್ಯಾಕರಿಗೂ ಇನ್ನೊಂದು ಕಾಟವಿದೆ. ಸ್ಪಿರಿಟ್ ಅಥವಾ ತಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಪದರ ಹಾಲುಬೆರೆಸಿದಂತೆ ಬಿಳುಚುತ್ತದೆ. ಹಾಗಾಗಿ ಡಿಸೆಂಬರಿನಿಂದ ಫೆಬ್ರವರಿಯೇ ಇದಕ್ಕೆ ತಕ್ಕ ಕಾಲ, ಅದರಲ್ಲೂ ಇಬ್ಬನಿ ಆರಿದ ಮೇಲೆ, ಕಡಲಗಾಳಿ ಏಳುವ ಮೊದಲಿನ ಹೊತ್ತು. ಕಾಪುವಿನ ದೀಪಸ್ತಂಭದ ಬಳಿಯ ಮನೆಗಿಂತ ಘಟ್ಟದ ಬುಡದ ಕಾರ್ಕಳದ ಅಂಗಳದಲ್ಲಿ ಈ ಹೊತ್ತು ಒಂದಿಷ್ಟು ದೀರ್ಘ. ಸ್ಟೇನ್ ಬಿದ್ದ ಮೇಲೆ ಎರಡು ದಿನ ಮುಟ್ಟದೆ ಬಿಟ್ಟು, ಆಮೇಲೆ ತೆಳುತೆಳುವಾಗಿ ಪದರಗಳನ್ನು ಏರಿಸಬೇಕು. ಪಿಕಪ್ಪಿನ ಗುಳಿಗಳಿಗೂ ಸ್ಕ್ರೂ ತೂತುಗಳಿಗೂ ಒಂದು ಕೈ ಹಚ್ಚಲೇಬೇಕು, ತೇವ ಒಳನುಗ್ಗುವುದು ಕಾಣದ ಬಾಗಿಲುಗಳಿಂದಲೇ. ಕೊನೆಯ ಪದರವಾದ ಮೇಲೆ ತಂತಿ ಏರಿಸಲು ಕೈ ತುಡಿಯುತ್ತದೆ. ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ, ಆದರೆ ಒಳಗೆ ಮೆತ್ತಗಿರುತ್ತದೆ. ಮೂಗನ್ನು ಮರಕ್ಕೆ ತಾಗಿಸಿ ಮೂಸಿ ನೋಡಬೇಕು. ತಿನ್ನರಿನ ವಾಸನೆ ಒಂದಿಷ್ಟು ಇದ್ದರೂ, ಮೂರು ವಾರವಾಗಲಿ ನಾಲ್ಕು ವಾರವಾಗಲಿ, ನೆರಳಿನಲ್ಲಿ ತೂಗುಹಾಕಿದ ಗಿಟಾರ್ ಅಲ್ಲೇ ಇರಲಿ.