ಶಾಸನಸಭೆಯ ಮುಂದಿನ ಲೆಕ್ಕ: ಸಿ.ಎ.ಜಿ. ವರದಿ ಮತ್ತು ವರ್ತಕ ಸಮುದಾಯ

ಕಂಪನಿಯೊಂದರ ಲೆಕ್ಕಪರಿಶೋಧಕನು ತನ್ನ ವರದಿಯನ್ನು ವ್ಯವಸ್ಥಾಪಕ ನಿರ್ದೇಶಕರಿಗಾಗಿ ಬರೆಯುವುದಿಲ್ಲ, ಷೇರುದಾರರಿಗಾಗಿ ಬರೆಯುತ್ತಾನೆ. ಸರ್ಕಾರದ ಲೆಕ್ಕಕ್ಕೂ ಇದೇ ನ್ಯಾಯ. ಭಾರತದ ಲೆಕ್ಕ ನಿಯಂತ್ರಕರು ಮತ್ತು ಮಹಾಲೆಕ್ಕ ಪರಿಶೋಧಕರು, ಅಂದರೆ ಸಿ.ಎ.ಜಿ., ಸಂವಿಧಾನದ 151ನೆಯ ಅನುಚ್ಛೇದದಂತೆ ರಾಜ್ಯದ ಲೆಕ್ಕಗಳ ವರದಿಯನ್ನು ರಾಜ್ಯಪಾಲರಿಗೆ ಸಲ್ಲಿಸುತ್ತಾರೆ. ರಾಜ್ಯಪಾಲರು ಅದನ್ನು ವಿಧಾನಮಂಡಲದ ಮುಂದೆ ಇಡಿಸುತ್ತಾರೆ. ರಾಂಪುರದ ಶೇಂಗಾ ವರ್ತಕರಾಗಲಿ, ಚಳ್ಳಕೆರೆಯ ಎಣ್ಣೆ ಗಿರಣಿದಾರರಾಗಲಿ, ಮೊಳಕಾಲ್ಮೂರಿನ ರೇಷ್ಮೆ ಸೀರೆ ತಯಾರಕರಾಗಲಿ ಆಯವ್ಯಯದ ದಿನ ತೆರಿಗೆ ದರವನ್ನು ಕುತೂಹಲದಿಂದ ನೋಡುತ್ತಾರೆ. ಆದರೆ ಆ ಹಣ ಹೇಗೆ ಖರ್ಚಾಯಿತೆಂದು ತಿಳಿಸುವ ಈ ವರದಿ ಮಂಡನೆಯಾದ ದಿನ ಅಷ್ಟು ಕುತೂಹಲ ಕಾಣುವುದಿಲ್ಲ.

ಸದನದ ಒಪ್ಪಿಗೆಯಿಲ್ಲದೆ ಸಂಚಿತ ನಿಧಿಯಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ಇಲಾಖಾವಾರು ಬೇಡಿಕೆಗಳು ಅಂಗೀಕಾರವಾಗಿ, ಧನವಿನಿಯೋಗ ವಿಧೇಯಕವು ಕಾಯ್ದೆಯಾದ ಮೇಲೆಯೇ ಖರ್ಚಿಗೆ ಅಧಿಕಾರ ಬರುತ್ತದೆ. ಮಂಜೂರಾತಿಗಿಂತ ಹೆಚ್ಚು ಖರ್ಚಾದರೆ 205ನೆಯ ಅನುಚ್ಛೇದದಂತೆ ಅದನ್ನು ಮತ್ತೆ ಸದನದ ಮುಂದೆ ತಂದು ಸಕ್ರಮಗೊಳಿಸಿಕೊಳ್ಳಬೇಕು. ಆದ್ದರಿಂದ ವರದಿಯನ್ನು ಮೊದಲ ಬಾರಿಗೆ ಕೈಗೆತ್ತಿಕೊಳ್ಳುವ ವರ್ತಕರು ಕೆಲವನ್ನಷ್ಟೇ ಹುಡುಕಿದರೂ ಸಾಕು: ಯಾವ ಇಲಾಖೆ ಮಂಜೂರಾತಿ ಮೀರಿದೆ, ಯಾವುದು ಹಣವನ್ನು ಮಾರ್ಚ್ ಕೊನೆಗೆ ಹಿಂತಿರುಗಿಸಿದೆ, ಎಷ್ಟು ಬಳಕೆ ಪ್ರಮಾಣಪತ್ರಗಳು ಬಾಕಿ ಇವೆ. ಇಲಾಖೆಗೆ ಸರಕು ಪೂರೈಸಿ ಬಿಲ್ಲಿಗಾಗಿ ಅಲೆಯುತ್ತಿರುವ ಸಣ್ಣ ಉತ್ಪಾದಕನಿಗೆ ಇದು ಶುಷ್ಕ ಅಂಕಿ ಅಂಶವಲ್ಲ. ‘ಅನುದಾನ ಬಂದಿಲ್ಲ’ ಎಂಬ ಉತ್ತರ ನಿಜವೋ ಅಲ್ಲವೋ ಎಂಬುದರ ಸುಳಿವು ಬಹುಮಟ್ಟಿಗೆ ಈ ಪುಟಗಳಲ್ಲಿಯೇ ಸಿಗುತ್ತದೆ. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ದೇಶದಲ್ಲಿಯೇ ಮೊದಲು ಮಾಡಿದ ರಾಜ್ಯ ಕರ್ನಾಟಕ. ಅದರ ಮಿತಿಗಳು ಪಾಲನೆಯಾದವೇ ಎಂಬುದನ್ನೂ ರಾಜ್ಯ ಹಣಕಾಸಿನ ವರದಿ ಪರೀಕ್ಷಿಸುತ್ತದೆ.

ಸಿ.ಎ.ಜಿ.ಗೆ ದಂಡಿಸುವ ಅಧಿಕಾರವಿಲ್ಲ. ವರದಿಯನ್ನು ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿ ಪರಿಶೀಲಿಸುತ್ತದೆ. ಎರಡೂ ಸದನಗಳ ಸದಸ್ಯರಿರುವ ಈ ಸಮಿತಿಗೆ ವಿರೋಧ ಪಕ್ಷದವರು ಅಧ್ಯಕ್ಷರಾಗುವುದು ಸಂಪ್ರದಾಯ. ಕಾರ್ಯದರ್ಶಿಗಳು ಅಲ್ಲಿ ಹಾಜರಾಗಿ ಉತ್ತರಿಸಬೇಕು. ವ್ಯವಸ್ಥೆ ಚೆನ್ನಾಗಿದೆ, ವೇಗ ಮಾತ್ರ ಸಾಲದು. 2005ರ ಕಾಯ್ದೆಯೊಂದು ರಾಜ್ಯ ವಿಧಾನಮಂಡಲವು ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕೆಂದು ವಿಧಿಸಿದೆ; ಬಹುತೇಕ ವರ್ಷಗಳಲ್ಲಿ ಆ ಸಂಖ್ಯೆ ಮುಟ್ಟಿಲ್ಲ. ಸದನವೇ ಸೇರದಿದ್ದರೆ ವರದಿಯ ಚರ್ಚೆಗೆ ಸಮಯವೆಲ್ಲಿ?

ವರ್ತಕರಿಗೆ ನೇರವಾಗಿ ತಟ್ಟುವ ಸಂಗತಿ ಬೇರೊಂದಿದೆ. ರಾಜಸ್ವ ಲೆಕ್ಕಪರಿಶೋಧನೆಯು ಪರೀಕ್ಷಿಸುವುದು ವರ್ತಕನನ್ನಲ್ಲ, ಕರನಿರ್ಧರಣಾಧಿಕಾರಿಯ ಕೆಲಸವನ್ನು. ಆದರೆ ಅಧಿಕಾರಿ ತೆರಿಗೆ ಕಡಿಮೆ ವಿಧಿಸಿದ್ದಾನೆಂಬ ಆಕ್ಷೇಪಣೆ ಬಂದೊಡನೆ ನೋಟಿಸು ಅಂಗಡಿಯ ಬಾಗಿಲಿಗೆ ಬರುತ್ತದೆ. ಪರಿಶೋಧಕರ ಕಾನೂನು ಅಭಿಪ್ರಾಯವೊಂದೇ ಆದಾಯ ತೆರಿಗೆಯ ಕಡತವನ್ನು ಮತ್ತೆ ತೆರೆಯಲು ಸಾಕಾಗುವ ‘ಮಾಹಿತಿ’ಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1979ರಲ್ಲಿ, ಇಂಡಿಯನ್ ಅಂಡ್ ಈಸ್ಟರ್ನ್ ನ್ಯೂಸ್‌ಪೇಪರ್ ಸೊಸೈಟಿ ಪ್ರಕರಣದಲ್ಲಿ ಹೇಳಿತ್ತು. ಕಾಲಕ್ರಮೇಣ ಶಾಸನವೇ ಬದಲಾಯಿತು: 2021ರ ಹಣಕಾಸು ಕಾಯ್ದೆ ಸಿ.ಎ.ಜಿ.ಯ ಅಂತಿಮ ಆಕ್ಷೇಪಣೆಯನ್ನು ‘ಮಾಹಿತಿ’ ಎಂದು ಪರಿಗಣಿಸಿತು. 2022ರದು ಯಾವುದೇ ಲೆಕ್ಕಪರಿಶೋಧನಾ ಆಕ್ಷೇಪಣೆಗೂ ಅದನ್ನು ವಿಸ್ತರಿಸಿತು. ಈ ಎರಡು ಸಾಲುಗಳ ಬಗ್ಗೆ ವಾಣಿಜ್ಯ ವಲಯದಲ್ಲಿ ಆಗ ಇನ್ನಷ್ಟು ಚರ್ಚೆ ನಡೆಯಬೇಕಿತ್ತು. ಜಿ.ಎಸ್.ಟಿ.ಯಲ್ಲಿ 2024-25ರಿಂದೀಚಿನ ವರ್ಷಗಳಿಗೆ 74ಎ ಕಲಮು ಅನ್ವಯಿಸುತ್ತದೆ. ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 42 ತಿಂಗಳೊಳಗೆ ನೋಟಿಸು ನೀಡಬಹುದು. ಲೆಕ್ಕಪುಸ್ತಕಗಳನ್ನು ಅದೇ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕು. ಹಳೆಯ ಬಿಲ್ಲುಗಳನ್ನು ರದ್ದಿಗೆ ಹಾಕುವ ಮುನ್ನ ಈ ಲೆಕ್ಕ ನೆನಪಿರಲಿ.

ಸ್ವತಂತ್ರ ಮೌಲ್ಯಮಾಪನ ಸಿ.ಎ.ಜಿ. ಒಬ್ಬರದೇ ಅಲ್ಲ. ಅಹಮದಾಬಾದಿನ ಐ.ಐ.ಎಂ. ನಿರ್ದೇಶಕರಾಗಿದ್ದ ಸ್ಯಾಮ್ಯುಯೆಲ್ ಪಾಲ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಪಬ್ಲಿಕ್ ಅಫೇರ್ಸ್ ಸೆಂಟರ್, ನೀರು, ವಿದ್ಯುತ್ತು, ದೂರವಾಣಿ ಮುಂತಾದ ಸೇವೆಗಳಿಗೆ ನಾಗರಿಕರಿಂದಲೇ ಅಂಕ ಹಾಕಿಸಿತು. ಲಂಚ ಕೇಳಿದರೇ, ದೂರಿಗೆ ಉತ್ತರ ಬಂದಿತೇ ಎಂಬ ಪ್ರಶ್ನೆಗಳೂ ಅದರಲ್ಲಿದ್ದವು. (ಇದನ್ನೂ ಲೆಕ್ಕಪತ್ರಗಳ ಸಮಿತಿಯನ್ನೂ ಪಿ.ಎ.ಸಿ. ಎಂದೇ ಕರೆಯುವುದರಿಂದ ಪತ್ರಿಕೆ ಓದುವಾಗ ಎಚ್ಚರ ಬೇಕು.) ರಾಂಪುರಕ್ಕೆ ಹತ್ತಿರದ ಉದಾಹರಣೆ ಬಳ್ಳಾರಿಯದು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರು 2008 ಮತ್ತು 2011ರಲ್ಲಿ ಅಕ್ರಮ ಗಣಿಗಾರಿಕೆಯ ವರದಿಗಳನ್ನು ಸಲ್ಲಿಸಿದರು. ಸರ್ವೋಚ್ಚ ನ್ಯಾಯಾಲಯ 2011ರ ಜುಲೈಯಲ್ಲಿ ಬಳ್ಳಾರಿಯಲ್ಲಿಯೂ ಆಗಸ್ಟಿನಲ್ಲಿ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿಯೂ ಗಣಿಗಾರಿಕೆ ನಿಲ್ಲಿಸಿತು. ಗಣಿಯನ್ನು ನಂಬಿ ಲಾರಿಗೆ ಸಾಲ ಮಾಡಿದ್ದವರ ಕಂತು ನಿಲ್ಲಲಿಲ್ಲ. ಮೊದಲ ವರದಿಗೂ ಆ ಆದೇಶಕ್ಕೂ ನಡುವೆ ಎರಡೂವರೆ ವರ್ಷಗಳಿದ್ದವು. ಓದಿದವರಿಗೆ ವ್ಯವಹಾರ ಹೊಂದಿಸಿಕೊಳ್ಳಲು ಅವಕಾಶವಿತ್ತು.

ಸಿ.ಎ.ಜಿ. ವರದಿಗಳು ಅವರ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಬಾಕಿ ಬಿಲ್ಲುಗಳ ಪಟ್ಟಿಯನ್ನು ಸಂಬಂಧಿಸಿದ ಕಂಡಿಕೆಯ ಸಂಖ್ಯೆಯೊಂದಿಗೆ ಕ್ಷೇತ್ರದ ಶಾಸಕರಿಗೆ ಕೊಟ್ಟು, ಅಧಿವೇಶನಕ್ಕೆ ಮುಂಚೆಯೇ ಚುಕ್ಕೆ ಗುರುತಿನ ಪ್ರಶ್ನೆ ಕೇಳುವಂತೆ ವರ್ತಕರ ಸಂಘವು ವಿನಂತಿಸಬಹುದು. ಸದನದಲ್ಲಿ ಕೊಟ್ಟ ಉತ್ತರ ಕಡತದಲ್ಲಿ ಉಳಿಯುತ್ತದೆ. ಗ್ರಾಮ ಪಂಚಾಯತಿಗಳ ಮಟ್ಟದಲ್ಲಿ ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿ ಕಾಮಗಾರಿ ಮತ್ತು ಖರ್ಚಿನ ದಾಖಲೆಗಳನ್ನು ಊರಿನವರ ಎದುರೇ ತೆರೆದಿಡಬೇಕು. ಅಲ್ಲಿಗೆ ಹೋಗಲು ಅರ್ಧ ದಿನದ ವ್ಯಾಪಾರ ಬಿಟ್ಟರೆ ಬೇರೆ ಖರ್ಚಿಲ್ಲ.