ಮಾರು, ಸರಪಳಿ, ಗುಂಟೆ, ಸೆಂಟು: ನಿಮ್ಮ ಜಮೀನಿನ ಲೆಕ್ಕ ಯಾವುದರಲ್ಲಿದೆ?

ಕೊಳ್ಳೇಗಾಲದ ಕಡೆ ಇವತ್ತಿಗೂ ಹೂವನ್ನು ಮೊಳದಲ್ಲಿ, ಗುಂಡಿಯನ್ನು ಗೇಣಿನಲ್ಲಿ, ಬಾಳೆ ಸಾಲನ್ನು ಮಾರಿನಲ್ಲಿ ಅಳೀತಾರೆ. ಪಹಣಿ ನೋಡಿದ್ರೆ ಗುಂಟೆ, ಅಜ್ಜನ ಕಾಲದ ಕ್ರಯಪತ್ರ ತೆಗೆದ್ರೆ ಸೆಂಟು, ಮೊಬೈಲ್ ಆ್ಯಪ್‌ನಲ್ಲಿ ಹೆಕ್ಟೇರು. ಇವನ್ನು ಬೆರೆಸಿಬಿಟ್ರೆ ಗಿಡದ ಲೆಕ್ಕ, ಗೊಬ್ಬರದ ಲೆಕ್ಕ, ಕೊನೆಗೆ ಪಾಲಿನ ಲೆಕ್ಕವೂ ತಪ್ಪುತ್ತೆ.

ಮೈಯಳತೆ

ಎರಡು ಗೇಣು ಒಂದು ಮೊಳ, ನಾಲ್ಕು ಮೊಳ ಒಂದು ಮಾರು. ಲೆಕ್ಕಕ್ಕೆ ಗೇಣು 9 ಇಂಚು, ಮೊಳ ಒಂದೂವರೆ ಅಡಿ, ಮಾರು 6 ಅಡಿ. ಆದರೆ ಎರಡೂ ಕೈ ಚಾಚಿದಾಗ ಎಲ್ಲರ ಮಾರೂ 6 ಅಡಿ ಬರಲ್ಲ. 6 ಅಡಿ ಅಂತರಕ್ಕೆ ಎಕರೆಗೆ 1,210 ಬಾಳೆ. ಅಳೆಯುವವರ ಮಾರು ಐದೂವರೆ ಅಡಿ ಇದ್ರೆ 1,440 ಆಗುತ್ತೆ. ಕಂದಿನ ಖರ್ಚೂ ಜಾಸ್ತಿ, ಗಾಳಿ ಬೆಳಕು ಸಿಗದೆ ಎಲೆಚುಕ್ಕೆ ರೋಗವೂ ಜಾಸ್ತಿ. ನಮ್ಮ ತೋಟದಲ್ಲಿ ನಾನು 6 ಅಡಿಯ ಬಿದಿರು ಕೋಲು ಇಟ್ಟಿದ್ದೀನಿ. ಯಾರು ಅಳೆದ್ರೂ ಅಂತರ ಒಂದೇ.

ಎರಡು ಸರಪಳಿ

1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹನೂರು ಆಗ ಅದರೊಳಗೇ ಇತ್ತು. ಪಕ್ಕದ ಯಳಂದೂರು ಮಾತ್ರ ಮೈಸೂರಿನ ಕಡೆ.

ಮದ್ರಾಸಿನ ಸರ್ವೇಯವರ ಸರಪಳಿ 66 ಅಡಿ ಉದ್ದ, ಅದರಲ್ಲಿ 100 ಕೊಂಡಿ. ಹತ್ತು ಚದರ ಸರಪಳಿ ಅಂದ್ರೆ ಒಂದು ಎಕರೆ. ಎಕರೆಯನ್ನು ನೂರು ಭಾಗ ಮಾಡಿದ್ರೆ ಒಂದು ಸೆಂಟು. ಮೈಸೂರು ಅನುಸರಿಸಿದ್ದು ಬೊಂಬಾಯಿ ಪದ್ಧತಿ. ಅಲ್ಲಿ ಸರಪಳಿ 33 ಅಡಿ, ಅದಕ್ಕೆ 16 ಆಣೆ. 33 ಅಡಿ ಉದ್ದ, 33 ಅಡಿ ಅಗಲದ ಜಾಗವೇ ಒಂದು ಗುಂಟೆ. ಪಹಣಿಯಲ್ಲಿ ಗುಂಟೆ ಆದ ಮೇಲೆ ಬರುವ ಆಣೆ ಇದೇ ಲೆಕ್ಕದ್ದು.

ಅದೇ 1956ರಲ್ಲಿ ದೇಶಕ್ಕೆ ಮೆಟ್ರಿಕ್ ಅಳತೆಯ ಕಾಯ್ದೆಯೂ ಬಂತು. ಬಟ್ಟೆ ಅಂಗಡಿ ಮೀಟರಿಗೆ ಬದಲಾಯ್ತು, ಹೊಲದ ಮಾತು ಎಕರೆಯಲ್ಲೇ ಉಳೀತು.

ಇದನ್ನು ಬರೆದಿಟ್ಟುಕೊಳ್ಳಿ

1 ಎಕರೆ = 40 ಗುಂಟೆ = 100 ಸೆಂಟು = 43,560 ಚದರ ಅಡಿ
1 ಗುಂಟೆ = ಎರಡೂವರೆ ಸೆಂಟು = 1,089 ಚದರ ಅಡಿ
1 ಹೆಕ್ಟೇರು = ಸುಮಾರು 2 ಎಕರೆ 19 ಗುಂಟೆ

ಈಗ ಪತ್ರದಲ್ಲಿ ‘1-20’ ಅಂತಿದೆ ಅನ್ಕೊಳ್ಳಿ. ಗುಂಟೆಯಾದ್ರೆ ಅದು ಒಂದೂವರೆ ಎಕರೆ. ಸೆಂಟಾದ್ರೆ 1 ಎಕರೆ 8 ಗುಂಟೆ ಅಷ್ಟೇ. ವ್ಯತ್ಯಾಸ 12 ಗುಂಟೆ, ಅಂದ್ರೆ 6 ಅಡಿ ಅಂತರದಲ್ಲಿ 363 ಬಾಳೆ! ಆ್ಯಪ್ ತೋರಿಸುವ 1.50 ಎಕರೆಯನ್ನು 1 ಎಕರೆ 50 ಗುಂಟೆ ಅಂತ ಓದಬೇಡಿ. ಅದು 1 ಎಕರೆ 20 ಗುಂಟೆ. ಚುಕ್ಕಿಯ ನಂತರದ ಭಾಗವನ್ನು (0.50) 40ರಿಂದ ಗುಣಿಸಿದ್ರೆ ಗುಂಟೆ ಸಿಗುತ್ತೆ.

ಈ ವಾರ ಮನೆಯ ಹಳೇ ಪತ್ರಗಳನ್ನು ತೆಗೆದು, ಯಾವ ವರ್ಷದ್ದು, ಯಾವ ತಾಲ್ಲೂಕಿನದ್ದು ಅಂತ ಮೊದಲು ನೋಡಿ. ಫೋಟೋ ತೆಗೆದು, ಪಕ್ಕದಲ್ಲಿ ಗುಂಟೆ ಲೆಕ್ಕ ಬರೆದಿಡಿ. ಅಣ್ಣ ತಮ್ಮಂದಿರ ಪಾಲಿಗೆ ಕೂರುವ ಮುಂಚೆ ಈ ಕೆಲಸ ಆಗಿರಲಿ. ಬದುವಿನ ತಕರಾರಿದ್ರೆ ಮೊಬೈಲ್ ಅಳತೆ ನಂಬಿ ಕಲ್ಲು ನೆಡಬೇಡಿ. ತಾಲ್ಲೂಕಿನಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೇಯರ್ ಬಂದು ಅಳೆದು ತೋರಿಸಲಿ.